ಹೊಗೆ ಕಾಣದ ಒಲೆ

ನಮ್ಮ ಬಚ್ಚಲೊಲೆಯ ಹೊಗೆ ಕಣ್ಣಿಗೆ ಉರಿ ತಂದು ತನ್ನ ಇರವನ್ನು ತಾನೇ ಸಾರುತ್ತದೆ. ಹೊಗೆಯೇ ಕಾಣದಂತೆ ಉರಿಯುವ ಬೆಂಕಿಯ ಪರಿಚಯ ನನಗಾದದ್ದು ಅಮೆರಿಕದ ಪೆನ್ಸಿಲ್ವೇನಿಯದ ಈಶಾನ್ಯ ಭಾಗದಲ್ಲಿ ಕಳೆದ ಒಂದು ಚಳಿಗಾಲದಲ್ಲಿ. ಅಲ್ಲಿಯ ನೆಲದಲ್ಲಿ ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ದೊರೆಯುತ್ತದೆ. 1808ರಲ್ಲಿ ವಿಲ್ಕ್ಸ್-ಬ್ಯಾರಿ ಊರಿನ ಜೆಸ್ಸಿ ಫೆಲ್ ಎಂಬವರು, ಕೆಳಗಿನಿಂದ ಗಾಳಿಯಾಡುವ ಕಬ್ಬಿಣದ ಜಾಲರಿಯ ಮೇಲೆ ಅದನ್ನು ಉರಿಸಿ ತೋರಿಸಿದರು. ಅಲ್ಲಿಯ ಕೆಲವು ಮನೆಗಳನ್ನು ಇಂದಿಗೂ ಬೆಚ್ಚಗಿಡುವುದು ಈ ಕಲ್ಲಿದ್ದಲೇ.

ನಾನು ಬಾಡಿಗೆಗಿದ್ದ ಮನೆಯಲ್ಲಿ ಒಲೆಯ ಹೊಗೆಕೊಳವೆಗೆ ಪುಟ್ಟ ಗಡಿಯಾರದಂಥ ಉಷ್ಣಮಾಪಕವೊಂದು ಅಯಸ್ಕಾಂತದಿಂದ ಅಂಟಿಕೊಂಡಿತ್ತು. ಎರಡು ಲೋಹಗಳನ್ನು ಬೆಸೆದ ಸುರುಳಿಯೊಂದು ಕಾದಂತೆಲ್ಲ ಅದರ ಮುಳ್ಳು ತಿರುಗುತ್ತದೆ. ಅದು ಅಳೆಯುವುದು ಕೊಳವೆಯ ಹೊರಮೈಯ ಬಿಸಿಯನ್ನು ಮಾತ್ರ. ಒಳಗೆ ಹರಿಯುವ ಅನಿಲ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಆದಕಾರಣ ಮಾಪಕವನ್ನು ಒಂದೇ ಸ್ಥಳದಲ್ಲಿಟ್ಟು ದಿನದಿನದ ಏರಿಳಿತವನ್ನು ಗಮನಿಸಬೇಕು. ನಮ್ಮ ಒಲೆಯಲ್ಲಿ ಮುಳ್ಳು ಸಾಮಾನ್ಯವಾಗಿ 150 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತಿತ್ತು.

ಇಷ್ಟು ಬಿಸಿ ವೃಥಾ ಆಕಾಶದ ಪಾಲಾಗುತ್ತಿದೆಯಲ್ಲ ಎಂದು ನಾನು ಬೂದಿಬಾಗಿಲಿನ ಗಾಳಿಕಂಡಿಯನ್ನು ದಿನೇ ದಿನೇ ಕಿರಿದುಗೊಳಿಸಿದೆ. ಮುಳ್ಳು ಇಳಿದಂತೆಲ್ಲ ನನ್ನ ಜಾಣತನಕ್ಕೆ ಹಿಗ್ಗಿದೆ. ಮಾರ್ಚ್ ತಿಂಗಳ ಒಂದು ಬೆಚ್ಚನೆಯ ಸಂಜೆ ಗೋಡೆಯ ಮೇಲಿನ ಎಚ್ಚರಿಕೆಯ ಗಂಟೆ ಚೀರತೊಡಗಿತು. ಮಕ್ಕಳನ್ನೆತ್ತಿಕೊಂಡು ಹೊರಗೋಡಿದೆವು. ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ, ಮನೆಯೊಳಗೆ ತುಂಬತೊಡಗಿದ್ದು ಪ್ರಾಣಹಾರಿಯಾದ ಕಾರ್ಬನ್ ಮಾನಾಕ್ಸೈಡ್.

ಕಾರಣ ಸರಳವಾದುದು. ಹೊಗೆಗೂಡಿನೊಳಗಿನ ಬಿಸಿಗಾಳಿ ಹಗುರವಾಗಿ ಮೇಲೇರಿದಾಗ, ತಣ್ಣನೆಯ ಭಾರವಾದ ಗಾಳಿ ಒಲೆಯ ಕೆಳಗಿನಿಂದ ಒಳನುಗ್ಗುತ್ತದೆ. ಈ ಸೆಳೆತಕ್ಕೆ ಒಳಗಿನ ಹಾಗೂ ಹೊರಗಿನ ಬಿಸಿಯ ಅಂತರವೇ ಆಧಾರ. ಅಂದು ಹೊರಗೆ ಹವೆ ಬೆಚ್ಚಗಾಗಿತ್ತು. ಒಳಗೆ ಕೊಳವೆಯನ್ನು ನಾನೇ ತಣ್ಣಗಾಗಿಸಿದ್ದೆ. ಸೆಳೆತ ಸೋತು ಅನಿಲ ಹಿಂದಿರುಗಿತು. ಕೊಳವೆಯ ತಿರುವಿನಲ್ಲಿ ಕೂತಿದ್ದ ನುಣ್ಣನೆಯ ಬೂದಿಯೂ ಅದಕ್ಕೆ ನೆರವಾಗಿತ್ತೆಂದು ಮರುದಿನ ಶುಚಿಮಾಡಲು ಬಂದಾತ ತೋರಿಸಿದ.

ಸೆಳೆತ ಮಿತಿಮೀರಿದರೂ ಕೇಡೇ. ಕಲ್ಲಿದ್ದಲು ಬೇಗ ಮುಗಿದು ಒಲೆಯ ಕಬ್ಬಿಣ ಕೆಂಪಗೆ ಕಾಯಬಹುದು. ಅದಕ್ಕೆಂದೇ ಕೊಳವೆಯಲ್ಲಿ ಸಮತೂಕದ ತೂಗುಬಾಗಿಲೊಂದಿರುತ್ತದೆ. ಸೆಳೆತ ಹೆಚ್ಚಿದಾಗ ಅದು ತಾನಾಗಿ ತೆರೆದು, ಕೋಣೆಯ ಗಾಳಿಯನ್ನು ಕೊಳವೆಗೆ ಬಿಟ್ಟು ಹದಗೊಳಿಸುತ್ತದೆ. ಸೆಳೆತ ಕುಗ್ಗಿದಾಗಲಾದರೋ ಕಾಯುವವರು ನಾವೇ.

ಆಮೇಲೆ ನಾನು ಮುಳ್ಳು ಇಳಿದರೆ ಹಿಗ್ಗಲಿಲ್ಲ, ಕಂಡಿಯನ್ನು ತೆರೆದೆ. ಹವೆ ತೀರ ಬೆಚ್ಚಗಾದ ದಿನಗಳಲ್ಲಿ ಒಲೆಯನ್ನೇ ಆರಿಸಿದೆ. ಮಲಗುವ ಮುನ್ನ ಎಚ್ಚರಿಕೆಯ ಗಂಟೆಯನ್ನು ಪರೀಕ್ಷಿಸಿ ನೋಡುವುದು ಮನೆಯ ನಿತ್ಯವಿಧಿಗಳಲ್ಲೊಂದಾಯಿತು.