ಎರಡು ಸುಂಟರಗಾಳಿಗಳು ಸಂಧಿಸಿದರೆ?

ಮಕ್ಕಳೇ, ಬೇಸಿಗೆಯಲ್ಲಿ ಬಯಲಿನಲ್ಲಿ ಏಳುವ ಧೂಳಿನ ಸುಳಿಗಾಳಿಯನ್ನು ನೀವು ನೋಡಿರಬಹುದು. ಸುಂಟರಗಾಳಿ ಅದಕ್ಕಿಂತ ಬಹಳ ಬಲಶಾಲಿ. ಅದು ಗುಡುಗುಮೋಡದಿಂದ ನೆಲದವರೆಗೆ ಚಾಚಿ ಗಿರಗಿರನೆ ತಿರುಗುವ ಗಾಳಿಯ ಕಂಬ. ಕೆಲವೊಮ್ಮೆ ಒಂದೇ ಬಿರುಗಾಳಿಯಲ್ಲಿ ಎರಡು ಕಂಬಗಳು ಹುಟ್ಟುತ್ತವೆ. 2014ರ ಜೂನ್ 16ರಂದು ಅಮೆರಿಕದ ನೆಬ್ರಾಸ್ಕ ರಾಜ್ಯದಲ್ಲಿ ಹೀಗೇ ಆಯಿತು. ಅಕ್ಕಪಕ್ಕದಲ್ಲಿ ಸಾಗಿದ ಎರಡರಲ್ಲಿ ಒಂದು ಪಿಲ್ಜರ್ ಎಂಬ ಪುಟ್ಟ ಊರಿಗೆ ನುಗ್ಗಿ ಮನೆಗಳನ್ನೂ ಶಾಲೆಯನ್ನೂ ಹಾಳುಗೆಡವಿತು.

ಎರಡೂ ಕೂಡಿದರೆ ಬಲ ಇಮ್ಮಡಿಯಾಗುವುದೇ? ಸಾಮಾನ್ಯವಾಗಿ ಇಲ್ಲ. ಒಂದೇ ದಿಕ್ಕಿಗೆ ತಿರುಗುವ ಸುಳಿಗಳು ಹತ್ತಿರ ಬಂದಾಗ ಒಂದನ್ನೊಂದು ಸುತ್ತತೊಡಗುತ್ತವೆ. ಜಪಾನಿನ ವಿಜ್ಞಾನಿ ಸಕುಹೆಯಿ ಫುಜಿವಾರಾ 1921ರಲ್ಲಿ ಇದನ್ನು ವಿವರಿಸಿದರು. ಸುಂಟರಗಾಳಿಗೆ ಬಲ ಕೊಡುವುದು ಮೇಲೇರುವ ಬಿಸಿಯಾದ, ತೇವಭರಿತ ಗಾಳಿ. ಬಲವಾದ ಸುಳಿ ಅದನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಇನ್ನೊಂದು ಸೊರಗಿ, ಹಗ್ಗದಂತೆ ತೆಳ್ಳಗಾಗಿ, ಅದರೊಳಗೆ ಸೇರಿಹೋಗುತ್ತದೆ ಅಥವಾ ಅಳಿದುಹೋಗುತ್ತದೆ.

ಹಾಗೆಂದು ಅಪಾಯ ಮುಗಿಯಿತು ಎನ್ನುವಂತಿಲ್ಲ. ಒಂದು ಹಾದುಹೋದ ಮೇಲೆ ಹಿಂದೆಯೇ ಮತ್ತೊಂದು ಬರಬಹುದು. ಆದ್ದರಿಂದ ಆಸರೆ ಪಡೆದವರು ಆತುರದಿಂದ ಹೊರಗೆ ಬರಬಾರದು.

ಮಾಡಿ ನೋಡಿ: ಅಗಲವಾದ ಪಾತ್ರೆಯ ನೀರಿನಲ್ಲಿ ಎರಡು ಕೋಲುಗಳನ್ನು ಅಕ್ಕಪಕ್ಕದಲ್ಲಿಟ್ಟು ಒಂದೇ ದಿಕ್ಕಿಗೆ ತಿರುಗಿಸಿ, ತಟ್ಟನೆ ಮೇಲೆತ್ತಿ. ಸುಳಿಗಳು ಏನಾದವು?