ತೊಂಬತ್ತರ ಹುಡುಗರ ಮೇಳಗಳೂ ಅವುಗಳ ಲೆಕ್ಕಪುಸ್ತಕವೂ

ನಾಲ್ವರು ಉದ್ಯೋಗಸ್ಥರು ಮಧ್ಯಾಹ್ನದ ಕಾಫಿಯ ವೇಳೆಯಲ್ಲಿ ಒಂದೆಡೆ ಕಲೆತರೆ ಮಾತು ಎತ್ತ ಹರಿಯುವುದೆಂಬುದನ್ನು ನಮ್ಮ ವಾಚಕರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಮೊದಲು ಮಳೆಬೆಳೆ, ಬಳಿಕ ವರ್ಗಾವಣೆ, ಅನಂತರ ಕಳೆದ ವಾರ ನೋಡಿದ ಚಲಚ್ಚಿತ್ರ, ಹಿಂದಿನ ರಾತ್ರಿ ಟೆಲಿವಿಷನ್ನಿನಲ್ಲಿ ಕಂಡ ಧಾರಾವಾಹಿ. ಕಡೆಗೆ, ಸೇರಿದವರ ವಯಸ್ಸು ನಲವತ್ತರ ಆಚೀಚೆ ಇದ್ದಿತಾದರೆ, ಮಾತು ತಪ್ಪದೆ ಹಿಂದಿರುಗಿ ೧೯೯೦ರ ದಶಕವನ್ನು ಹೊಕ್ಕು ಕುಳಿತುಬಿಡುವುದು. ಆ ನೆನಪಿನ ಪಂಕ್ತಿಯಲ್ಲಿ ಹಂಸಲೇಖರ ಹಾಡುಗಳಿಗೆ ಮೊದಲ ಮಣೆ ಎಂಬುದು ಸಹಜವೇ. ಆದರೆ ಅದೇ ಪಂಕ್ತಿಯಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್, ಬಾಯ್‌ಜೋನ್, ವೆಸ್ಟ್‌ಲೈಫ್, ಎನ್‌ಸಿಂಕ್ ಎಂಬ ಪರದೇಶದ ಅತಿಥಿಗಳೂ ಎಲೆಯ ಮುಂದೆ ಕುಳಿತಿರುವುದನ್ನು ನಾವು ಈಚೆಗೆ ಕಾಣುತ್ತಿರುವೆವು. ಗಂಭೀರಮುಖದ ಲೆಕ್ಕಪರಿಶೋಧಕರೂ ಆ ಹೆಸರುಗಳನ್ನು ಕೇಳಿದೊಡನೆ ಮೆಲ್ಲನೆ ತಾಳ ಹಾಕತೊಡಗುವರು.

ಇದನ್ನು ಕಂಡು ನಗುವ ಹಿರಿಯರು ಉಂಟು. ನಾವು ಅವರ ಪಕ್ಷದವರಲ್ಲ. ಕಂಪೆನಿ ನಾಟಕದ ಕಂದಗಳನ್ನು ಗುನುಗುನಿಸುತ್ತಿದ್ದ ನಮ್ಮ ತಂದೆಯವರ ಪೀಳಿಗೆಯನ್ನೂ ಅವರ ಹಿರಿಯರು ಹೀಗೆಯೇ ಹಾಸ್ಯ ಮಾಡಿದ್ದರು. ಆದರೆ ಈ ಮಧುರಸ್ಮೃತಿಯಲ್ಲಿ ಒಂದು ಪುಟ ಬಿಟ್ಟುಹೋಗಿರುವುದು. ಅದನ್ನು ತೆರೆದಿಡುವುದೇ ಇಂದಿನ ನಮ್ಮ ಉದ್ದೇಶ.

ಬಾಯ್ ಬ್ಯಾಂಡ್ ಎಂದರೆ ಗೆಳೆಯರು ತಾವಾಗಿ ಕೂಡಿ ಕಟ್ಟಿಕೊಂಡ ಮೇಳವೆಂದು ಭಾವಿಸಿದವರು ಮೋಸಹೋದರು. ಬಹುಮಟ್ಟಿಗೆ ಅದು ಒಬ್ಬ ಯಜಮಾನನು ಆರಿಸಿ, ಕಲಿಸಿ, ಉಡಿಸಿ, ರಂಗಕ್ಕೆ ಬಿಟ್ಟ ನಾಲ್ಕೈದು ತರುಣರ ತಂಡ. ಅವರು ವಾದ್ಯ ನುಡಿಸುವುದು ಅಪರೂಪ. ಹಾಡುವರು, ಕುಣಿಯುವರು, ನಗುವರು. ಒಬ್ಬನು ನಾಚಿಕೆಯವನು, ಒಬ್ಬನು ತುಂಟ, ಒಬ್ಬನು ಗಂಭೀರ ಎಂದು ಸ್ವಭಾವಗಳನ್ನೂ ಮೊದಲೇ ಹಂಚಿಕೊಟ್ಟಿರುವುದುಂಟು. ಬಾಸ್ಟನ್ ನಗರದ ಮಾರಿಸ್ ಸ್ಟಾರ್ ಎಂಬಾತನು ಮೊದಲು ನ್ಯೂ ಎಡಿಷನ್ ಎಂಬ ಕಪ್ಪುಜನಾಂಗದ ಹುಡುಗರ ಮೇಳವನ್ನು ಮುಂದೆ ತಂದನು. ಅವರೊಡನೆ ಸಂಬಂಧ ಮುರಿದ ಮೇಲೆ ೧೯೮೪ರಲ್ಲಿ ಅದೇ ಶಿಕ್ಷಣವನ್ನು ಬಿಳಿಯ ಹುಡುಗರಿಗೆ ಕೊಟ್ಟು ನ್ಯೂ ಕಿಡ್ಸ್ ಆನ್ ದ ಬ್ಲಾಕ್ ಎಂಬುದನ್ನು ಕಟ್ಟಿದನು. ಪೇಟೆಯು ಎರಡನೆಯವರಿಗೆ ಎಷ್ಟು ಅಗಲವಾಗಿ ಬಾಗಿಲು ತೆರೆಯಿತೆಂಬುದರಲ್ಲಿ ಆ ದೇಶದ ವರ್ಣಭೇದದ ಕಥೆಯೂ ಅಡಗಿರುವುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ೧೯೯೦ರಲ್ಲಿ ಟೇಕ್ ದಟ್, ಐರ್ಲೆಂಡಿನ ಡಬ್ಲಿನ್ನಿನಲ್ಲಿ ೧೯೯೩ರಲ್ಲಿ ಬಾಯ್‌ಜೋನ್, ೧೯೯೮ರಲ್ಲಿ ವೆಸ್ಟ್‌ಲೈಫ್ ಹುಟ್ಟಿದುವು.

ಆದರೆ ಈ ವ್ಯಾಪಾರದ ನಿಜವಾದ ಕಾರ್ಖಾನೆ ಅಮೆರಿಕೆಯ ಫ್ಲಾರಿಡಾ ಸಂಸ್ಥಾನದ ಆರ್ಲ್ಯಾಂಡೊ ನಗರ. ಅದರ ಯಜಮಾನ ಲೂ ಪರ್ಲ್‌ಮನ್. ಜಾಹೀರಾತು ಹೊತ್ತು ಆಕಾಶದಲ್ಲಿ ತೇಲುವ ವಾಯುನೌಕೆಗಳನ್ನು ಬಾಡಿಗೆಗೆ ಕೊಡುವುದು ಆತನ ಕಸುಬು. ನ್ಯೂ ಕಿಡ್ಸ್ ತಂಡದವರು ವಿಮಾನವನ್ನೇ ಬಾಡಿಗೆಗೆ ಹಿಡಿಯುವಷ್ಟು ಗಳಿಸುತ್ತಿರುವರೆಂದು ತಿಳಿದಾಗ ಆತನ ಕಣ್ಣು ಆ ಕಡೆ ಹೊರಳಿತೆಂದು ಹೇಳುವರು. ೧೯೯೨ರಲ್ಲಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹುಡುಗರನ್ನು ಕರೆಸಿದನು. ಮರುವರ್ಷ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಸಿದ್ಧವಾಯಿತು. ಅವರಲ್ಲಿ ಕಿರಿಯನಾದ ನಿಕ್ ಕಾರ್ಟರನಿಗೆ ಆಗ ಹದಿಮೂರು ವರ್ಷ. ಶಾಲೆಗಳಲ್ಲಿ ಹಾಡಿ, ಯುರೋಪಿನಲ್ಲಿ ಅಲೆದು, ಜರ್ಮನಿಯಲ್ಲಿ ಹೆಸರು ಮಾಡಿದ ಬಳಿಕವೇ ೧೯೯೭ರಲ್ಲಿ ಅವರಿಗೆ ಸ್ವದೇಶದ ಮನ್ನಣೆ ದೊರೆತುದು. ಈ ನಡುವೆ ೧೯೯೫ರಲ್ಲಿ ಅದೇ ಯಜಮಾನನು ಅದೇ ಊರಿನಲ್ಲಿ ಅವರಿಗೆ ಪ್ರತಿಸ್ಪರ್ಧಿಯಾಗಿ ಎನ್‌ಸಿಂಕ್ ಎಂಬ ಎರಡನೆಯ ಮೇಳಕ್ಕೂ ಬಂಡವಾಳ ಹೂಡಿದ್ದನು. ಎರಡು ಕುದುರೆಗಳೂ ಒಂದೇ ಲಾಯದವು. ಯಾವುದು ಗೆದ್ದರೂ ಪಣ ಒಬ್ಬನದೇ!

ಲೆಕ್ಕಪುಸ್ತಕವು ಬೆಳಕಿಗೆ ಬಂದುದು ನ್ಯಾಯಾಲಯದಲ್ಲಿ. ಪರ್ಲ್‌ಮನ್ನನು ವ್ಯವಸ್ಥಾಪಕನಾಗಿ, ಧ್ವನಿಮುದ್ರಣದ ಬಂಡವಾಳಗಾರನಾಗಿ ತನ್ನ ಪಾಲನ್ನು ತೆಗೆದುಕೊಂಡುದು ಸಾಲದೆಂದು, ಐವರ ಮೇಳದಲ್ಲಿ ತಾನು ಆರನೆಯ ಸದಸ್ಯನೆಂದೂ ಕರಾರಿನಲ್ಲಿ ಬರೆಯಿಸಿಕೊಂಡು ಕಲಾವಿದರ ಪಾಲಿನಲ್ಲಿಯೂ ಒಂದಂಶವನ್ನು ಪಡೆಯುತ್ತಿದ್ದನು. ಹಾಡಲಿಲ್ಲ, ಕುಣಿಯಲಿಲ್ಲ; ಆದರೂ ಆರನೆಯವನು! ೧೯೯೮ರಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ದಾವೆ ಹೂಡಿದರು. ಐದು ವರ್ಷಗಳ ದುಡಿಮೆಯಲ್ಲಿ ಐವರಿಗೂ ಕೂಡಿ ದೊರೆತುದು ಸುಮಾರು ೩ ಲಕ್ಷ ಡಾಲರು, ಯಜಮಾನನ ಕಡೆಗೆ ಹೋದುದು ಸುಮಾರು ೧ ಕೋಟಿ ಡಾಲರು ಎಂಬುದು ಅವರ ದೂರು. ಎನ್‌ಸಿಂಕ್ ತಂಡದ ಲ್ಯಾನ್ಸ್ ಬಾಸ್ ಹೇಳಿರುವ ವೃತ್ತಾಂತ ಇನ್ನೂ ಕಟುವಾದುದು: ಮೂರು ವರ್ಷ ಲೋಕ ಸುತ್ತಿ, ಲಕ್ಷೋಪಲಕ್ಷ ತಟ್ಟೆಗಳು ಮಾರಾಟವಾದ ಬಳಿಕ, ವಿಧ್ಯುಕ್ತವಾದ ಔತಣವೊಂದರಲ್ಲಿ ಒಬ್ಬೊಬ್ಬರಿಗೂ ಲಕೋಟೆ ಕೊಡಲಾಯಿತು, ಒಳಗಿದ್ದ ಚೆಕ್ಕು ೧೦,೦೦೦ ಡಾಲರಿನದು. ಕೋಣೆಗೆ ಹಿಂದಿರುಗಿ ಅದನ್ನು ಹರಿದು ಹಾಕಿದೆನೆಂದು ಆತನು ಹೇಳಿಕೊಂಡಿರುವನು.

ಎನ್‌ಸಿಂಕ್ ತರುಣರು ಯಜಮಾನನ ಹಿಡಿತದಿಂದ ಬಿಡಿಸಿಕೊಂಡುದು ೧೯೯೯ರ ಡಿಸೆಂಬರಿನ ರಾಜಿಯಲ್ಲಿ. ೨೦೦೦ದ ಮಾರ್ಚಿನಲ್ಲಿ ಹೊರಬಂದ ಅವರ ಸಂಪುಟದ ಹೊದಿಕೆಯ ಮೇಲೆ ಐವರೂ ಸೂತ್ರದ ಗೊಂಬೆಗಳಾಗಿ ನಿಂತಿರುವರು. ಹೆಸರು ನೋ ಸ್ಟ್ರಿಂಗ್ಸ್ ಅಟ್ಯಾಚ್ಡ್, ಎಂದರೆ ಸೂತ್ರಗಳಿಲ್ಲ. ಮೊದಲ ವಾರದಲ್ಲಿಯೇ ಅಮೆರಿಕೆಯಲ್ಲಿ ೨೪ ಲಕ್ಷ ಪ್ರತಿಗಳು ಖರ್ಚಾದುವು; ಆ ದಾಖಲೆಯು ೨೦೧೫ರಲ್ಲಿ ಅಡೆಲ್ ಎಂಬ ಗಾಯಕಿಯು ಮುರಿಯುವವರೆಗೂ ನಿಂತಿತು. ಕೊಂಡ ಬಾಲಕಿಯರಲ್ಲಿ ಎಷ್ಟು ಮಂದಿಗೆ ಆ ಹೊದಿಕೆಯ ಅರ್ಥ ತಿಳಿದಿತ್ತೊ!

ಪರ್ಲ್‌ಮನ್ನನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೆಚ್ಚಿನ ಬಡ್ಡಿಯ ಆಸೆ ತೋರಿ ವೃದ್ಧರಿಂದಲೂ ನಿವೃತ್ತರಿಂದಲೂ ಠೇವಣಿ ಎತ್ತಿ, ಒಬ್ಬರ ಹಣದಿಂದ ಇನ್ನೊಬ್ಬರಿಗೆ ಬಡ್ಡಿ ಕೊಡುತ್ತ ಬಂದಿದ್ದ ಆತನ ವಂಚನೆ ೩೦ ಕೋಟಿ ಡಾಲರನ್ನು ಮೀರಿದ್ದಿತು. ೨೦೦೭ರಲ್ಲಿ ಬಾಲಿ ದ್ವೀಪದಲ್ಲಿ ಸಿಕ್ಕಿಬಿದ್ದನು. ೨೦೦೮ರಲ್ಲಿ ೨೫ ವರ್ಷಗಳ ಸೆರೆ ವಿಧಿಸಿದ ನ್ಯಾಯಾಧೀಶರು, ಹಿಂದಿರುಗಿಸಲು ನೆರವಾದ ಪ್ರತಿಯೊಂದು ಹತ್ತು ಲಕ್ಷ ಡಾಲರಿಗೂ ಒಂದೊಂದು ತಿಂಗಳು ಶಿಕ್ಷೆ ಕಡಮೆ ಮಾಡುವುದಾಗಿ ಹೇಳಿದರು. ಆತನು ೨೦೧೬ರಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡನು.

ಇದೆಲ್ಲ ಅಮೆರಿಕೆಯ ನೂತನ ಸೃಷ್ಟಿಯೆಂದು ಬಗೆಯಬೇಕಾದುದಿಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ತಮಿಳುನಾಡಿನಲ್ಲಿ ಬಾಯ್ಸ್ ಕಂಪೆನಿಗಳೆಂಬ ಬಾಲಕರ ನಾಟಕ ಮಂಡಲಿಗಳು ವಿಜೃಂಭಿಸಿದ್ದುವು. ಎಂ. ಜಿ. ರಾಮಚಂದ್ರನ್ ಅವರು ಮಧುರೆಯ ಒರಿಜಿನಲ್ ಬಾಯ್ಸ್ ಕಂಪೆನಿಯಲ್ಲಿ ಪಳಗಿದವರೇ. ಬಡವರ ಮಕ್ಕಳು ಎಳೆಯ ವಯಸ್ಸಿನಲ್ಲಿ ಮಂಡಲಿಯನ್ನು ಸೇರುವರು. ಒಂದೇ ಮನೆಯಲ್ಲಿ ವಾಸ, ಕಟ್ಟುನಿಟ್ಟಾದ ಶಿಕ್ಷೆ, ಊಟ ಬಟ್ಟೆಗಳೇ ವೇತನದ ಬಹುಭಾಗ. ದನಿ ಒಡೆದರೆ ಪಾತ್ರವೂ ಹೋಗುವುದು. ನಮ್ಮ ರಾಜಕುಮಾರರೂ ಬಾಲ್ಯದಲ್ಲಿಯೇ ತಂದೆಯ ಜೊತೆಗೆ ಗುಬ್ಬಿ ವೀರಣ್ಣನವರ ಕಂಪೆನಿಯನ್ನು ಸೇರಿದವರು. ಆ ಶಿಕ್ಷಣವು ಮಹಾನಟರನ್ನು ಕೊಟ್ಟಿತೆಂಬುದು ನಿಜ. ದನಿ ಒಡೆದು ಮನೆಗೆ ಹಿಂದಿರುಗಿದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲವೆಂಬುದೂ ನಿಜ.

ಹಾಡುಗಳ ವಿಷಯವಾಗಿ ಒಂದು ಮಾತು. ಅಮೆರಿಕೆಯ ಹುಡುಗರು ಹಾಡಿದ ಹಲವು ಪ್ರಸಿದ್ಧ ಗೀತೆಗಳು ರಚಿತವಾದುದು ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಒಂದು ಧ್ವನಿಮುದ್ರಣಶಾಲೆಯಲ್ಲಿ. ಡೆನಿಜ್ ಪಾಪ್ ಎಂಬಾತನು ಅದರ ಗುರು. ೧೯೯೮ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ಗತಿಸಿದನು. ಶಿಷ್ಯನಾದ ಮ್ಯಾಕ್ಸ್ ಮಾರ್ಟಿನ್ ಆ ಪರಂಪರೆಯನ್ನು ಮುಂದುವರಿಸಿದನು. ಆಂಡ್ರಿಯಾಸ್ ಕಾರ್ಲ್‌ಸನ್ನನೊಡನೆ ಈತನು ರಚಿಸಿ, ೧೯೯೯ರಲ್ಲಿ ಲೋಕವನ್ನೇ ವ್ಯಾಪಿಸಿದ ಐ ವಾಂಟ್ ಇಟ್ ದಟ್ ವೇ ಎಂಬ ಗೀತೆಗೆ ಅರ್ಥಾನ್ವಯ ಮಾಡಹೊರಟವರು ಸೋಲುವರು. ಪೂರ್ವಾರ್ಧಕ್ಕೂ ಉತ್ತರಾರ್ಧಕ್ಕೂ ಹೊಂದಿಕೆಯಿಲ್ಲ. ಅರ್ಥ ಕೂಡುವಂತೆ ತಿದ್ದಿದ ಪಾಠವನ್ನೂ ಮುದ್ರಿಸಿಕೊಂಡು ನೋಡಿ, ಮೇಳದವರು ಮೊದಲಿನದನ್ನೇ ಉಳಿಸಿಕೊಂಡರು. ಪಾಠಶಾಲೆಯಲ್ಲಿ ಅನ್ವಯಾರ್ಥ ಒಪ್ಪಿಸದೆ ಎದ್ದು ಹೋಗಲು ಅಪ್ಪಣೆಯಿಲ್ಲದೆ ಬೆಳೆದ ನಮಗೆ ಇದು ಮೊದಲು ಸಹಿಸಲಿಲ್ಲ. ಆದರೆ ತೆಲುಗು ಅರಿಯದೆಯೇ ತ್ಯಾಗರಾಜರ ಕೃತಿಗಳಿಗೆ ತಲೆದೂಗುವ ನಾಡಿನವರು ಈ ವಿಚಾರದಲ್ಲಿ ಹೆಚ್ಚು ಜಂಬ ಕೊಚ್ಚುವುದು ಉಚಿತವಲ್ಲ.

ಈ ಹಾಡುಗಳು ನಮ್ಮಲ್ಲಿಗೆ ಬಂದ ದಾರಿಯನ್ನೂ ನೆನೆಯಬೇಕು. ೧೯೯೧ರಲ್ಲಿ ಸ್ಟಾರ್ ಉಪಗ್ರಹ ವಾಹಿನಿಗಳೊಡನೆ ಎಂಟಿವಿ ಬಂದಿತು. ೧೯೯೪ರಲ್ಲಿ ಚಾನೆಲ್ ವಿ. ೧೯೯೬ರಲ್ಲಿ ಎಂಟಿವಿಯ ಪುನರಾಗಮನ. ಅದುವರೆಗೂ ದೂರದರ್ಶನವೊಂದನ್ನೇ ಬಲ್ಲ ಮನೆಗಳಿಗೆ ಮಾಳಿಗೆಯಿಂದ ಮಾಳಿಗೆಗೆ ಕಪ್ಪು ತಂತಿ ಹರಿಯಿತು. ಒಂದೇ ಪೆಟ್ಟಿಗೆ, ಒಂದೇ ಕೋಣೆ. ವಾರ್ತೆಗೆ ತಂದೆ, ಧಾರಾವಾಹಿಗೆ ತಾಯಿ, ಉಳಿದ ಅರ್ಧ ಗಂಟೆಗೆ ಮಕ್ಕಳು ಹಕ್ಕುದಾರರು. ಬೇಕಾದ ಹಾಡು ಯಾವಾಗ ಬರುವುದೆಂದು ಯಾರಿಗೂ ತಿಳಿಯದು, ಕಾಯಬೇಕು. ಕ್ಯಾಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಟುಪುಸ್ತಕದಲ್ಲಿ ಸಾಹಿತ್ಯ ಬರೆದುಕೊಂಡ ಕನ್ನಡ ಶಾಲೆಯ ಹುಡುಗನಿಗೆ ಅದೇ ಇಂಗ್ಲಿಷಿನ ಎರಡನೆಯ ಪಾಠಪುಸ್ತಕವಾಯಿತು. ಪರದೇಶದ ಗೀಳಿನಿಂದ ನಮ್ಮ ತರುಣರು ಕೆಟ್ಟೇ ಹೋದರೆಂದು ಆಗ ವಿಲಾಪಿಸಿದವರು ಬಹು ಮಂದಿ. ಅದೇ ತರುಣರು ಇಂದು ತಾಲ್ಲೂಕು ಆಳುತ್ತಿರುವರು, ತೆರಿಗೆ ಎತ್ತುತ್ತಿರುವರು, ಕನ್ನಡದಲ್ಲಿಯೇ ಕಡತ ಬರೆಯುತ್ತಿರುವರು.

ಚಾನೆಲ್ ವಿ ವಾಹಿನಿಯು ನಮ್ಮ ದೇಶದಲ್ಲಿ ೨೦೧೮ರಲ್ಲಿ ನಿಂತುಹೋಯಿತು. ಇಂಗ್ಲೆಂಡಿನಲ್ಲಿ ತೊಂಬತ್ತರ ಹಾಡುಗಳಿಗೆಂದೇ ಇದ್ದ ಎಂಟಿವಿಯ ವಾಹಿನಿಯೂ ೨೦೨೫ರ ಡಿಸೆಂಬರ್ ೩೧ರಂದು ಮುಚ್ಚಿತು. ಈಗ ಬೇಕಾದ ಹಾಡು ಬೇಕೆಂದ ಕ್ಷಣದಲ್ಲಿ, ಒಬ್ಬೊಬ್ಬರ ಕಿವಿಯಲ್ಲಿ ಪ್ರತ್ಯೇಕವಾಗಿ ಕೇಳಿಸುವುದು. ನಮ್ಮ ಮಿತ್ರರು ಹಂಬಲಿಸುವುದು ಆ ಐವರು ಹುಡುಗರಿಗಾಗಿಯೊ, ಮನೆಮಂದಿಯೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕಾದು ಕುಳಿತ ಆ ಸಂಜೆಗಾಗಿಯೊ ಎಂಬ ಸಂದೇಹ ನಮಗೆ ಉಂಟು.

ಈ ಹಂಬಲಕ್ಕೆ ಗಿರಾಕಿಗಳಿರುವರೆಂಬುದನ್ನು ಚಲಚ್ಚಿತ್ರದವರೂ ಟೆಲಿವಿಷನ್ನಿನವರೂ ಬೇಗನೆ ಅರಿತರು. ೨೦೧೩ರ ಪ್ರಳಯಹಾಸ್ಯದ ಚಿತ್ರವೊಂದರಲ್ಲಿ ಸ್ವರ್ಗ ಸೇರಿದವರ ಮುಂದೆ ಹಾಡುವವರು ಬ್ಯಾಕ್‌ಸ್ಟ್ರೀಟ್ ಬಾಯ್ಸ್. ೨೦೧೮ರಲ್ಲಿ ಬ್ರೂಕ್ಲಿನ್ ನೈನ್‌-ನೈನ್ ಎಂಬ ಪೊಲೀಸು ಹಾಸ್ಯ ಧಾರಾವಾಹಿಯಲ್ಲಿ ಶಂಕಿತರ ಸಾಲಿನಿಂದ ಅವರ ಗೀತೆಯನ್ನೇ ಹಾಡಿಸಲಾಯಿತು. ಆದರೆ ಎಲ್ಲಕ್ಕಿಂತ ನಮಗೆ ಮೆಚ್ಚಿಕೆಯಾದುದು ಡೋಮೀ ಶೀ ನಿರ್ದೇಶಿಸಿದ ೨೦೨೨ರ ಟರ್ನಿಂಗ್ ರೆಡ್. ೨೦೦೨ರ ಟೊರಾಂಟೊ ನಗರದ ಹದಿಮೂರರ ಬಾಲಕಿಯೊಬ್ಬಳು ಕಲ್ಪಿತ ಮೇಳವೊಂದರ ಹಾಡುಗಾರಿಕೆಗೆ ಹೋಗಲು ಪಡುವ ಪಾಡು ಅದರ ಕಥೆ. ಚಿತ್ರವು ಆ ಹುಡುಗಿಯನ್ನು ನೋಡಿ ನಗುವುದಿಲ್ಲ. ೧೯೯೬ರ ಫೆಬ್ರವರಿ ೧೩ರಂದು ಟೇಕ್ ದಟ್ ಮೇಳವು ಒಡೆದಾಗ ಇಂಗ್ಲೆಂಡಿನಲ್ಲಿ ಅಳುತ್ತಿದ್ದ ಹುಡುಗಿಯರಿಗಾಗಿ ಸಾಂತ್ವನದ ದೂರವಾಣಿಗಳನ್ನೇ ಏರ್ಪಡಿಸಬೇಕಾಯಿತು. ಅದನ್ನು ಪರಿಹಾಸ ಮಾಡಿದವರೇ ಹೆಚ್ಚು. ಕಾಲ್ಚೆಂಡಿನಾಟದಲ್ಲಿ ಸೋತಾಗ ಅಳುವ ಗಂಡಸರನ್ನು ಮಾತ್ರ ಯಾರೂ ಹಾಗೆ ಪರಿಹಾಸ ಮಾಡಿದುದಿಲ್ಲ.

ಮೇಳಗಳವರೂ ಈಗ ಐವತ್ತರ ಅಂಚಿನವರಾಗಿ ಪುನಃ ಹೊರಟಿರುವರು. ೨೦೨೩ರ ಮೇ ತಿಂಗಳಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಮುಂಬಯಿಗೂ ದೆಹಲಿಯ ನೆರೆಯ ಗುರುಗ್ರಾಮಕ್ಕೂ ಬಂದರು. ಅದೇ ವರ್ಷದ ನವೆಂಬರಿನಲ್ಲಿ ವೆಸ್ಟ್‌ಲೈಫ್ ನಮ್ಮ ಬೆಂಗಳೂರಿಗೇ ಬಂದಿತು. ಈಗ ಅವರು ತಮ್ಮ ಕರಾರುಗಳನ್ನು ತಾವೇ ಓದಿ ಸಹಿ ಮಾಡಬಲ್ಲ ವಯಸ್ಸಿನವರು. ಆಗ ಅವರಲ್ಲಿ ಕಿರಿಯರಿಗೆ ಅದು ಸಾಧ್ಯವಿರಲಿಲ್ಲ.

ನಮ್ಮ ಕನ್ನಡ ವಾಹಿನಿಗಳಲ್ಲಿ ವಾರಾಂತ್ಯದಲ್ಲಿ ಹಾಡುವ ಎಳೆಯರನ್ನು ಕಂಡು ಹಿಗ್ಗುವ ನಾವು ಇದನ್ನು ಮರೆಯಬಾರದು. ೧೯೨೧ರ ದ ಕಿಡ್ ಮೂಕಚಿತ್ರದ ಬಾಲನಟ ಜ್ಯಾಕಿ ಕೂಗನ್ ಗಳಿಸಿದುದನ್ನೆಲ್ಲ ಹೆತ್ತ ತಾಯಿ ಮತ್ತು ಮಲತಂದೆ ವೆಚ್ಚ ಮಾಡಿದುದರಿಂದ ಕ್ಯಾಲಿಫೋರ್ನಿಯಾದಲ್ಲಿ ೧೯೩೯ರಲ್ಲಿಯೇ ಶಾಸನ ಹುಟ್ಟಿತು. ಅದರ ಇಂದಿನ ರೂಪದಂತೆ ಮಗುವಿನ ಗಳಿಕೆಯಲ್ಲಿ ನೂರಕ್ಕೆ ೧೫ನ್ನು ಮೀಸಲಿಡಬೇಕು. ನಮ್ಮಲ್ಲಿ ೨೦೧೭ರ ಕೇಂದ್ರದ ನಿಯಮಗಳು ಇನ್ನೂ ಸ್ಪಷ್ಟವಾಗಿರುವುವು: ಬಾಲಕಲಾವಿದರಿಗೆ ದಿನಕ್ಕೆ ೫ ಗಂಟೆಗಿಂತ ಹೆಚ್ಚು ಕೆಲಸ ಕೂಡದು, ವಿಶ್ರಾಂತಿಯಿಲ್ಲದೆ ೩ ಗಂಟೆ ಮೀರಕೂಡದು, ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆಯಬೇಕು, ಗಳಿಕೆಯಲ್ಲಿ ನೂರಕ್ಕೆ ೨೦ಕ್ಕೆ ಕಡಮೆಯಿಲ್ಲದಂತೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಠೇವಣಿ ಇಡಬೇಕು. ಶಾಸನವು ಮಗುವೆಂದು ಕರೆಯುವುದು ಹದಿನಾಲ್ಕು ತುಂಬದವರನ್ನು. ಎನ್‌ಸಿಂಕ್ ಸೇರಿದಾಗ ಜಸ್ಟಿನ್ ಟಿಂಬರ್ಲೇಕನಿಗೆ ಹದಿನಾಲ್ಕು ತುಂಬಿದ್ದಿತು.

ಈ ಲೇಖನವನ್ನು ಓದುತ್ತಿರುವ ಅಧಿಕಾರಿಗಳಲ್ಲಿ ಜಿಲ್ಲಾಡಳಿತದ ಕಚೇರಿಗಳವರೂ ಇರುವರೆಂದು ಬಲ್ಲೆವು. ತಮ್ಮ ಮೇಜಿನ ಮೇಲೆ ಅಂತಹ ಅರ್ಜಿಗಳು ಎಷ್ಟು ಬಂದಿರುವುವು, ಅನುಮತಿ ಕೊಟ್ಟ ಬಳಿಕ ಆ ಠೇವಣಿಯ ರಸೀತಿಯನ್ನು ಯಾರು ತರಿಸಿ ನೋಡಿರುವರು ಎಂಬುದನ್ನು ಅವರು ನಾಳೆಯ ಕಾಫಿಯ ವೇಳೆಗೆ ಮುಂಚೆ ಒಮ್ಮೆ ಕಡತ ತೆಗೆಸಿ ಪರಾಂಬರಿಸಬೇಕೆಂದು ಕೋರುವೆವು.