ಮೂರು ಶಿಖರಗಳ ಲೆಕ್ಕ

ಕರ್ಜತ್ ಲೋಕಲಿನಲ್ಲಿ ಓಡಾಡುವ ನಮ್ಮ ಬಾಂಧವರಿಗೆ ಆ ಬೆಟ್ಟಗಳ ಸಾಲಿನ ಪರಿಚಯ ಹೇಳಬೇಕಾದುದಿಲ್ಲ. ಬದಲಾಪುರ ಕಳೆದೊಡನೆ ಬಲಗಡೆಯ ಕಿಟಕಿಯಲ್ಲಿ ಮೊದಲು ಚಂದೇರಿಯ ಮೊನಚು. ಆಮೇಲೆ ಈ ಕಡೆಯ ಜನ ‘ನವರಾ-ನವರಿ’, ಎಂದರೆ ಮದುಮಗ-ಮದುಮಗಳು, ಎಂದು ಕರೆಯುವ ಬಂಡೆಗಳು. ಅದರಾಚೆ ಪೇಬ್ ಕೋಟೆ. ಕೊನೆಗೆ ಮಣೆ ಹಾಕಿದಂತೆ ಮಟ್ಟಸವಾಗಿ ಕುಳಿತ ಮಾಥೇರಾನ್. ಡೊಂಬಿವಲಿಯಲ್ಲಿ ಮನೆ ಮಾಡಿಕೊಂಡ ಮೇಲೆ ನಾವು ಎಷ್ಟೋ ಸಲ ಮಕ್ಕಳಿಗೆ ಈ ಬೆಟ್ಟಗಳನ್ನು ಬೆರಳು ಮಾಡಿ ತೋರಿಸಿದ್ದೆವು. ಕಾಲು ಮಾಡಿ ನೋಡಿದ್ದು ಮಾತ್ರ 2023ರ ಮೇ ತಿಂಗಳ ಒಂದು ಭಾನುವಾರ.

ಮೇ ತಿಂಗಳಲ್ಲಿ ಯಾರಾದರೂ ಬೆಟ್ಟ ಹತ್ತುತ್ತಾರೆಯೇ ಎಂದು ವಾಚಕರು ಕೇಳಬಹುದು. ನಮ್ಮ ಮನೆಯಲ್ಲಿಯೂ ಕೇಳಿದರು. ಆದರೆ ಐದು ಜನ ಮುಂಬಯಿಕರರಿಗೆ ಒಂದೇ ದಿನ ಬಿಡುವು ಸಿಕ್ಕುವುದೆಂದರೆ ಗ್ರಹಕೂಟ ಕೂಡಿಬಂದಂತೆ. ಧಾರವಾಡದ ಮಾಸ್ತರರಿಗೆ ಶಾಲೆಯ ರಜೆ. ಅವರ ಮಗನಿಗೆ ಕಾಲೇಜಿನ ಪರೀಕ್ಷೆ ಮುಗಿದಿತ್ತು. ಬ್ಯಾಂಕಿನ ರಾಯರಿಗೆ ಎಲ್ಲ ಭಾನುವಾರವೂ ಒಂದೇ. ಮುಲುಂಡಿನ ಹೊಟೇಲೊಂದರಲ್ಲಿ ಗಲ್ಲಾದ ಮೇಲೆ ಕೂರುವ ಕುಂದಾಪುರದ ಶೆಟ್ಟರಿಗೆ, ಬೇಸಗೆಯಲ್ಲಿ ಗಿರಾಕಿ ಕಡಮೆಯೆಂದು, ಮಾಲಿಕರು ಒಂದು ದಿನ ಬಿಟ್ಟುಕೊಟ್ಟಿದ್ದರು. ಇನ್ನು ನಾವು ಸರಕಾರಿ ಗುಮಾಸ್ತರು. ನಮ್ಮ ಬಿಡುವಿನ ಬಗೆಗೆ ಹೆಚ್ಚು ಹೇಳದಿರುವುದೇ ಲೇಸು.

ಅದಲ್ಲದೆ ಗುಮಾಸ್ತನಾದವನು ಯಾವ ಕೆಲಸಕ್ಕೂ ಪೂರ್ವನಿದರ್ಶನ ಹುಡುಕುತ್ತಾನೆ. ನಮಗೆ ಅದೂ ಸಿಕ್ಕಿತು. ಠಾಣೆಯ ಕಲೆಕ್ಟರರಾಗಿದ್ದ ಹ್ಯೂ ಮ್ಯಾಲೆಟ್ ಎಂಬ ಆಂಗ್ಲರು ಚೌಕ್ ಗ್ರಾಮದ ಕಡೆಯಿಂದ ಮಾಥೇರಾನನ್ನು ಹತ್ತಿ ಅದನ್ನು ಹೊರಗಿನವರಿಗೆ ಪರಿಚಯ ಮಾಡಿಕೊಟ್ಟದ್ದು 1850ರಲ್ಲಿ, ಅದೂ ಮೇ ತಿಂಗಳಲ್ಲಿ! ಸಾಹೇಬರಿಗೆ ಆದದ್ದು ನಮಗೆ ಆಗದೇ ಎಂದೆವು.

ರಾಯರು ಮಾರ್ಗವನ್ನು ಗೊತ್ತುಮಾಡಿದರು. ನೇರಳ್ ನಿಲ್ದಾಣದಲ್ಲಿ ಇಳಿದು (ಆ ಹೆಸರು ಕೇಳಿದಾಗಲೆಲ್ಲ ಕನ್ನಡಿಗನ ನಾಲಗೆಗೆ ನೇರಳೆಹಣ್ಣು ನೆನಪಾಗದಿರದು) ಪೇಬ್ ಹತ್ತುವುದು. ಅಲ್ಲಿಂದ ಬೆಟ್ಟದ ಏಣಿನ ಮೇಲೆ ನಡೆದು, ಕಬ್ಬಿಣದ ನಿಚ್ಚಣಿಕೆಗಳನ್ನು ಏರಿ ಮಾಥೇರಾನಿನ ರೈಲುಹಳಿ ಸೇರುವುದು. ಮುಂದೆ ಉತ್ತರದ ತುದಿಯ ಪ್ಯಾನೊರಮಾ ಪಾಯಿಂಟ್, ಆಮೇಲೆ ಪೂರ್ವದ ಗಾರ್ಬೆಟ್ ಪಾಯಿಂಟ್. ಅಲ್ಲಿಂದ ಇಳಿದು ಭಿವಪುರಿ ರೋಡಿನಲ್ಲಿ ಸಂಜೆಯ ಲೋಕಲ್. ಒಂದು ದಿನಕ್ಕೆ ಮೂರು ಶಿಖರ. ಮಾಥೇರಾನಿನ ಎರಡು ತುದಿಗಳನ್ನು ಎರಡು ಶಿಖರವೆಂದು ಎಣಿಸಬಹುದೇ ಎಂದು ಮಾಸ್ತರರು ತಕರಾರು ತೆಗೆದರು. ರಾಯರು ಎಣಿಸಬಹುದೆಂದರು.

ನೀರಿನ ಲೆಕ್ಕ ನಮ್ಮ ಪಾಲಿಗೆ ಬಂತು. ಫುಲ್‌ಸ್ಕೇಪ್ ಹಾಳೆಯಲ್ಲಿ ಗೆರೆ ಎಳೆದು ಬರೆದೆವು: ಜನ 5, ತಲೆಗೆ ಲೀಟರು 2, ಒಟ್ಟು 10. ಅಕ್ಷರ ದುಂಡಗಿತ್ತು, ಕೂಡಿಕೆ ಸರಿಯಾಗಿತ್ತು. ಬಿಸಿಲಿನಲ್ಲಿ ಬೆಟ್ಟ ಹತ್ತುವ ಮೈ ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಹುದೆಂಬ ಸಂಗತಿಗೆ ಮಾತ್ರ ಆ ಹಾಳೆಯಲ್ಲಿ ಕಲಮು ಇರಲಿಲ್ಲ. ಸಮುದ್ರದ ಗಾಳಿ ತಾಗುವ ಮುಂಬಯಿಯಲ್ಲಿ 34 ಡಿಗ್ರಿ ಇರುವ ದಿನ ಕರ್ಜತ್ ಕಡೆಯಲ್ಲಿ 40 ದಾಟುವುದು ಹೊಸತಲ್ಲ. ಇದು ದಿನಾಲು ಪತ್ರಿಕೆಯಲ್ಲಿ ಬರುವ ಮಾತು, ನಾವೂ ಓದಿದ್ದೆವು.

ನಸುಕಿನ ಲೋಕಲಿನಲ್ಲಿ ಶೆಟ್ಟರು ಮುಲುಂಡಿನಿಂದಲೇ ಬಂದು ನಮಗೆ ಜಾಗ ಹಿಡಿದಿದ್ದರು. ತೊಡೆಯ ಮೇಲೆ ಬಾಳೆಯೆಲೆಯಲ್ಲಿ ಕಟ್ಟಿದ ಇಡ್ಲಿಯ ದೊಡ್ಡ ಪೊಟ್ಟಣ. ಕಣ್ಣು ಕೆಂಪಗಿದ್ದವು. “ನಿದ್ದೆ ಆಯಿತೋ?” ಎಂದರೆ, “ಆಯ್ತ್ ಆಯ್ತ್, ಬಾಗಿಲು ಹಾಕಿ ಗಲ್ಲಾ ಒಪ್ಸುವಾಗ ಒಂದೂವರೆ” ಎಂದು ನಕ್ಕರು. ನಾವೂ ನಕ್ಕೆವು. ಆ ಮಾತನ್ನು ಅಲ್ಲಿಯೇ ಬಿಟ್ಟೆವು. ಬಿಡಬಾರದಿತ್ತು.

ಪೇಬ್ ಹತ್ತುವ ದಾರಿಯನ್ನು ವರ್ಣಿಸುವ ಗೋಜಿಗೆ ಹೋಗುವುದಿಲ್ಲ. ಒಣಗಿದ ಹಳ್ಳದ ಪಾತ್ರ, ಕಾಲಡಿಯಲ್ಲಿ ಜಾರುವ ಸಣ್ಣ ಕಲ್ಲು, ತುಕ್ಕು ಬಣ್ಣದ ಹುಲ್ಲು. ಆದರೆ ಅದೇ ಹುಲ್ಲಿನ ನಡುವೆ ಮುಳ್ಳಿನ ಪೊದೆಗಳ ತುಂಬ ಕಪ್ಪು ಹಣ್ಣು! ಮಾಸ್ತರರು “ಕವಳಿ ಹಣ್ಣು!” ಎಂದು ಕೂಗಿದರು. ಶೆಟ್ಟರು “ಅಲ್ಲ, ಕರಂಡೆ” ಎಂದರು. ಇಲ್ಲಿಯವರಿಗೆ ಅದು ಕರವಂದ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಮಾಸ್ತರರ ಮಗನಿಗೆ ಅದು ನಿಲ್ದಾಣದಲ್ಲಿ ಎಲೆಯ ದೊನ್ನೆಯಲ್ಲಿ ಮಾರುವ ಹಣ್ಣು, ಅಷ್ಟೇ. ಗಿಡದಲ್ಲಿ ಬಿಡುತ್ತದೆಂದು ಅಂದೇ ಕಂಡದ್ದು. ಅಂಟು ಹತ್ತಿದ ತುಟಿಗಳಿಂದ ಅವನು ಮೂರು ಹೆಸರನ್ನೂ ಹೇಳಿ ನೋಡಿದ. ಆ ದಿನ ಬೇರೇನೂ ನಡೆಯದೆ ಹೋಗಿದ್ದರೆ ಈ ಲೇಖನ ಇಲ್ಲಿಗೇ ಸಂತೋಷವಾಗಿ ಮುಗಿಯುತ್ತಿತ್ತು.

ಪೇಬಿಗೆ ವಿಕಟಗಡವೆಂದೂ ಹೆಸರು. ಶಿವಾಜಿಯ ಕಾಲದಲ್ಲಿ ಇಲ್ಲಿಯ ಗುಹೆಗಳಲ್ಲಿ ಧಾನ್ಯ ಕೂಡಿಡುತ್ತಿದ್ದರೆಂದು ಹೇಳುತ್ತಾರೆ. ನೆತ್ತಿಯ ಮೇಲೆ ನಿಂತಾಗ ಹತ್ತು ಗಂಟೆಗೆ ಹತ್ತು ನಿಮಿಷವಿತ್ತು. ಒಂದು ಕಡೆ ಚಂದೇರಿ, ಮತ್ತೊಂದು ಕಡೆ ಪ್ರಬಲಗಡ, ಎದುರಿಗೆ ಮಾಥೇರಾನಿನ ಗೋಡೆ. ಇಡ್ಲಿ ತಿಂದೆವು. ತಿಂದ ಮೇಲೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ಲೆಕ್ಕ ನೋಡಿದೆವು: ನಾಲ್ಕೂವರೆ ಲೀಟರು ಉಳಿದಿತ್ತು. ಕೋಟೆಯ ಕಲ್ಲಿನ ತೊಟ್ಟಿಗಳಲ್ಲಿ ಇದ್ದದ್ದು ಪಾಚಿ. ಮೂರರಲ್ಲಿ ಒಂದು ಶಿಖರಕ್ಕೆ ಅರ್ಧಕ್ಕಿಂತ ಹೆಚ್ಚು ಖರ್ಚಾಗಿದೆ ಎಂಬುದನ್ನು ಕಾಣಲು ಬಿ.ಎ. ಪದವಿ ಬೇಕಿಲ್ಲ. ಆದರೂ ನಾವು ಬಾಯಿ ಬಿಡಲಿಲ್ಲ. ಹಾಳೆ ಬರೆದವರು ನಾವೇ ಅಲ್ಲವೇ! ಕಚೇರಿಯಲ್ಲಿಯೂ ತಪ್ಪಿದ ಲೆಕ್ಕ ಕಡತದೊಳಗೆ ಮೌನವಾಗಿ ಕುಳಿತಿರುವುದು ಹೀಗೆಯೇ.

ಪೇಬಿಗೂ ಮಾಥೇರಾನಿಗೂ ನಡುವೆ ಒಂದು ತಗ್ಗು ಇದೆ. ಅಷ್ಟು ಇಳಿದು ಮತ್ತೆ ಅದಕ್ಕಿಂತ ಹೆಚ್ಚು ಏರಬೇಕು. ಕಪ್ಪು ಬಂಡೆಯ ಮೇಲೆ ಕೈಯಿಟ್ಟರೆ ದೋಸೆಯ ಹಂಚು ಮುಟ್ಟಿದಂತೆ. ಗಾಳಿ ನಿಂತುಬಿಟ್ಟಿತ್ತು. ಅಲ್ಲಿಯವರೆಗೆ ಕೊಡಚಾದ್ರಿಯ ಮಾತು ಹೇಳುತ್ತ ಬಂದಿದ್ದ ಶೆಟ್ಟರು ಈಗ ಹಿಂದೆ ಬೀಳತೊಡಗಿದರು. ಹುಡುಗನಾಗಿದ್ದಾಗ ಅವರು ಕೊಲ್ಲೂರಿನಿಂದ ಆ ಬೆಟ್ಟಕ್ಕೆ ಚಪ್ಪಲಿಯಿಲ್ಲದೆ ಹತ್ತಿದವರು. ಅದು 1343 ಮೀಟರು. ಈ ಮಾಥೇರಾನ್ ಸುಮಾರು 800. ಹಾಗಾಗಿ ನಮ್ಮೆಲ್ಲರಲ್ಲಿ ಗಟ್ಟಿಗರು ಅವರೇ ಎಂದು ನಾವು ಎಣಿಸಿದ್ದೆವು. ಇಪ್ಪತ್ತೆರಡು ವರ್ಷ ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕೂತ ಕಾಲುಗಳ ವಿಚಾರ ನಮಗೆ ಹೊಳೆಯಲಿಲ್ಲ.

ಮೊದಲು ಗಮನಿಸಿದವರು ಮಾಸ್ತರರು. “ಶೆಟ್ರು ಯಾಕ ಸುಮ್ಮನಾಗ್ಯಾರ?” ಎಂದರು. ತಿರುಗಿ ನೋಡಿದರೆ ಶೆಟ್ಟರು ನಿಚ್ಚಣಿಕೆಯ ಬುಡದಲ್ಲಿ ಕಂಬಿ ಹಿಡಿದು ನಿಂತಿದ್ದಾರೆ, ಹತ್ತುತ್ತಿಲ್ಲ. “ಎಂತದೂ ಇಲ್ಲ ಮಾರಾಯ್ರೆ, ಒಂಚೂರ್ ತಲೆ ತಿರ್ಗ್ತ್” ಎನ್ನುತ್ತಲೇ ಕುಸಿದು ಕುಳಿತರು. ಮುಖ ಸುಣ್ಣದಂತೆ ಬಿಳಿಚಿತ್ತು. ಮೈಯೆಲ್ಲ ಬೆವರು, ಆದರೆ ಕೈ ತಣ್ಣಗೆ. ತಿಂದ ಇಡ್ಲಿ ಹೊರಗೆ ಬಂತು. ಕಾಲಿನ ಮೀನಖಂಡ ಗಂಟು ಕಟ್ಟಿ ನೋವಿಗೆ ಹಲ್ಲು ಕಚ್ಚಿದರು.

ಮಾಸ್ತರರು ಶಾಲೆಯಲ್ಲಿ ಸ್ಕೌಟ್ ಮಕ್ಕಳನ್ನು ನೋಡಿಕೊಂಡವರು. ಬಂಡೆಯ ನೆರಳಿಗೆ ಸರಿಸಿ, ಅಂಗಿ ಸಡಿಲಿಸಿ, ಕಾಲು ಎತ್ತರಕ್ಕಿಟ್ಟು, ಒದ್ದೆ ಪಂಚೆಯನ್ನು ಕುತ್ತಿಗೆಗೂ ಕಂಕುಳಿಗೂ ಸುತ್ತಿದರು. “ಬೆವರು ಬರಲಿಕ್ಕತ್ತದ, ಮಾತು ತಿಳೀಲಿಕ್ಕತ್ತದ, ಅಷ್ಟರ ಮಟ್ಟಿಗೆ ಛಲೋ. ಬೆವರು ನಿಂತು ಮೈ ಸುಡಲಿಕ್ಕೆ ಹತ್ತಿ ಮಾತು ತಪ್ಪಿದರ ಮಾತ್ರ ಹೊತ್ತಿಲ್ಲ” ಎಂದರು. ಗುಟುಕು ಗುಟುಕಾಗಿ ನೀರು ಕೊಟ್ಟೆವು. ಅದಕ್ಕೆ ಕಲಸಲು ಉಪ್ಪಿಲ್ಲ, ಸಕ್ಕರೆಯಿಲ್ಲ. ಉಳಿದದ್ದು ಒಂದು ಲೀಟರಿಗೂ ಕಡಮೆ. ಮೊಬೈಲಿನಲ್ಲಿ ಒಂದು ಗೆರೆ ಬಂದು ಹೋಗುತ್ತಿತ್ತು.

ಆಗಲೂ ರಾಯರು, “ಒಂದು ತಾಸು ಮಲಗಿದರೆ ಸರಿಹೋಗುತ್ತಾರೆ, ಪ್ಯಾನೊರಮಾವನ್ನಾದರೂ ಮುಟ್ಟಬಹುದು” ಎಂದರು. ಅವರನ್ನು ದೂರುವಂತಿಲ್ಲ, ನಮ್ಮ ಮನಸ್ಸಿನಲ್ಲಿದ್ದುದನ್ನೇ ಅವರು ಆಡಿದ್ದು. ಮಾಸ್ತರರು ತಲೆಯೆತ್ತದೆ, “ಈಗ ಶಿಖರ ಅಂದರ ಇವರ ಮನೀ ಬಾಗಿಲಾ” ಎಂದರು. ಬೇರೆ ಚರ್ಚೆ ನಡೆಯಲಿಲ್ಲ. ಹಿಂದಕ್ಕೆ ಇಳಿದರೆ ಮೂರು ತಾಸಿನ ಬಿಸಿಲು. ಮೇಲಕ್ಕೆ ಎರಡು ನಿಚ್ಚಣಿಕೆ ದಾಟಿದರೆ ರೈಲುಹಳಿ. ಮಾಸ್ತರರ ಮಗ ಖಾಲಿ ಬಾಟಲಿಗಳನ್ನು ಚೀಲಕ್ಕೆ ತುಂಬಿ ಒಬ್ಬನೇ ಹತ್ತಿ ಹೋದ.

ಅವನು ಹಿಂದಿರುಗುವವರೆಗಿನ ಅರ್ಧ ತಾಸು ನಮಗೆ ಇಂದಿಗೂ ಮರೆತಿಲ್ಲ. ಶೆಟ್ಟರು ಕಣ್ಣು ಮುಚ್ಚಿಯೇ ಹೇಳಿದರು: ಬೆಳಿಗ್ಗೆಯೇ ಮೈ ಭಾರವಿತ್ತಂತೆ. ಹೇಳಿದರೆ ನೀವು ಹೊರಡುವುದನ್ನೇ ನಿಲ್ಲಿಸುತ್ತಿದ್ದಿರಿ. ಇಪ್ಪತ್ತೆರಡು ವರ್ಷದಲ್ಲಿ ಗೆಳೆಯರ ಜೊತೆಗೆ ಭಾನುವಾರವೆಂದು ಹೊರಟದ್ದು ಇದೇ ಮೊದಲು, ಹೇಗೆ ಹೇಳಲಿ ಎಂದರು. ನಮಗೆ ಏನು ಉತ್ತರ ಕೊಡಬೇಕೆಂದು ತೋಚಲಿಲ್ಲ. ಪಂಚೆಯಿಂದ ಗಾಳಿ ಬೀಸಿದೆವು.

ಹುಡುಗ ಒಬ್ಬನೇ ಬರಲಿಲ್ಲ. ಹಳಿಯ ಪಕ್ಕದಲ್ಲಿ ಲಿಂಬೆ ಶರಬತ್ತು ಮಾರುವ ಠಾಕರ್ ಹೆಣ್ಣುಮಗಳೊಬ್ಬಳು ಕ್ಯಾನು ಹೊತ್ತು ಆ ನಿಚ್ಚಣಿಕೆಯನ್ನು ನಮ್ಮ ಮನೆಯ ಮೆಟ್ಟಿಲಿಳಿದಂತೆ ಇಳಿದು ಬಂದಳು. ಉಪ್ಪು, ಸಕ್ಕರೆ, ಲಿಂಬೆ ಕಲಸಿ ಶೆಟ್ಟರ ಬಾಯಿಗೆ ಅವಳೇ ಹಿಡಿದಳು. “ನಾವು ಈ ಬಿಸಿಲಲ್ಲಿ ಹತ್ತುವುದು ಹೊಟ್ಟೆಗಾಗಿ. ನೀವು ಯಾತಕ್ಕೆ ಹತ್ತುತ್ತೀರಪ್ಪ?” ಎಂದು ಮರಾಠಿಯಲ್ಲಿ ಕೇಳಿದಳು. ತಮಾಷೆಗಲ್ಲ, ನಿಜವಾಗಿಯೂ ತಿಳಿಯಲೆಂದು. ಅವಳ ವಾಡಿಯ ಬಾವಿ ಏಪ್ರಿಲಿನಲ್ಲಿಯೇ ಬತ್ತುತ್ತದೆಯಂತೆ; ಈ ನೀರೂ ಮೇಲಿನಿಂದ ತಲೆಯ ಮೇಲೆ ಬಂದದ್ದು. ಶರಬತ್ತಿಗೆ ಹಣ ತೆಗೆದುಕೊಂಡಳು. ನೀರಿಗೆ ಎಷ್ಟು ಒತ್ತಾಯಿಸಿದರೂ ಮುಟ್ಟಲಿಲ್ಲ.

ನಾಲ್ಕು ಜನ ಹಿಂದೆ ಮುಂದೆ ನಿಂತು ಒಂದೊಂದೇ ಮೆಟ್ಟಿಲು ಹತ್ತಿಸಿ ಶೆಟ್ಟರನ್ನು ಹಳಿಯ ಬಳಿಗೆ ಸೇರಿಸುವಾಗ ಎರಡೂವರೆ. ಅಲ್ಲಿಂದ ದಾರಿ ಸುಗಮ. ಅಬ್ದುಲ್ ಹುಸೇನ್ ಪೀರ್‌ಭಾಯ್ ಎಂಬವರು ತಂದೆ ಸರ್ ಆದಮ್‌ಜಿಯವರ ಹಣದಿಂದ 1907ರಲ್ಲಿ ಮುಗಿಸಿದ ಹಳಿ ಅದು. ಎರಡೇ ಅಡಿ ಅಗಲ. ಕೆಲವು ಕಡೆ ಇಪ್ಪತ್ತು ಅಡಿಗೆ ಒಂದಡಿ ಏರುತ್ತದೆ. 2019ರ ಮಳೆಯಲ್ಲಿ ಕೊಚ್ಚಿಹೋಗಿ ನಿಂತ ನೇರಳಿನ ಗಾಡಿ 2022ರ ಅಕ್ಟೋಬರಿನಲ್ಲಿ ಮತ್ತೆ ಓಡತೊಡಗಿತ್ತು. ನಾವು ಕೂತು ಎದ್ದು ನಡೆಯುತ್ತಿರುವಾಗ ಇಳಿಯುವ ಗಾಡಿ ಬಂತು. ಬದಿಗೆ ಸರಿದು ನಿಂತೆವು. ಮಕ್ಕಳು ಕಿಟಕಿಯಿಂದ ಕೈ ಬೀಸಿದರು, ಶೆಟ್ಟರೂ ಬೀಸಿದರು. ಅದನ್ನು ಕಂಡು ನಮಗೆ ಜೀವ ಬಂತು. ಹಳಿಯ ಕೆಳಭಾಗದ ಒಂದು ನಿಲ್ದಾಣದ ಹೆಸರು ‘ವಾಟರ್ ಪೈಪ್’. ರಾಯರು ಅದನ್ನು ನೆನಪಿಸಿದರು, ಯಾರೂ ನಗಲಿಲ್ಲ.

ಮುಂದೆ ಕಪ್ಪು ಕಲ್ಲು ಮುಗಿದು ಕೆಂಪು ಮಣ್ಣು ಶುರುವಾಯಿತು, ನೆರಳೂ ಶುರುವಾಯಿತು. ಈ ಬೆಟ್ಟದ ಒಡಲು ಅಗ್ನಿಶಿಲೆ, ನೆತ್ತಿಗೆ ಮಾತ್ರ ನಮ್ಮ ಕರಾವಳಿಯ ಮುರಕಲ್ಲಿನದೇ ಟೊಪ್ಪಿಗೆ. ಶೆಟ್ಟರು ಕುಳಿತಲ್ಲಿಯೇ ಒಂದು ಹಿಡಿ ಮಣ್ಣು ತೆಗೆದು ಉಜ್ಜಿ ನೋಡಿ, “ನಮ್ಮ ಗದ್ದೆ ಅಂಚಿಂದೇ” ಎಂದರು. ಟ್ಯಾಕ್ಸಿಗಳು ನಿಲ್ಲುವ ದಸ್ತೂರಿ ಸೇರಿದಾಗ ನಾಲ್ಕೂವರೆ. ಪ್ಯಾನೊರಮಾ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ಆ ಕಡೆಗೆ ಯಾರೂ ನೋಡಲಿಲ್ಲ. ನೇರಳಿನಲ್ಲಿ ಡಾಕ್ಟರರೊಬ್ಬರು ಶೆಟ್ಟರನ್ನು ಪರೀಕ್ಷಿಸಿ, ಬಿಸಿಲಿನ ಬಳಲಿಕೆ, ಇನ್ನೊಂದು ತಾಸು ತಡವಾಗಿದ್ದರೆ ಬೇರೆ ಮಾತಾಗುತ್ತಿತ್ತು ಎಂದರು. ಟ್ಯಾಕ್ಸಿಯಲ್ಲಿ ಒಂದು ಮಾತೂ ಆಡದಿದ್ದ ರಾಯರು ಪ್ಲಾಟ್‌ಫಾರಮಿನಲ್ಲಿ ಕರವಂದದ ದೊನ್ನೆ ಕೊಂಡು ಮೊದಲು ಶೆಟ್ಟರ ಮುಂದೆ ಹಿಡಿದು, “ಕರಂಡೆ ತಗೊಳ್ಳಿ” ಎಂದರು. ಮಂಡ್ಯದ ಕಡೆಯವರು ಅವರು. ಅವರಿಗೆ ಅದು ಕರಂಡೆಯಲ್ಲ.

ಡಿಸೆಂಬರಿನಲ್ಲಿ ಮತ್ತೆ ಹೋದೆವು. ಹೋಗೋಣವೆಂದು ಹಠ ಹಿಡಿದವರು ಶೆಟ್ಟರೇ. ಮಾಲಿಕರಲ್ಲಿ ಹಿಂದಿನ ಶನಿವಾರವನ್ನೂ ಕೇಳಿ ಪಡೆದಿದ್ದರು. ಮೂರೂ ಶಿಖರ ಮುಗಿಸಿ ಗಾರ್ಬೆಟ್ಟಿನಿಂದ ಇಳಿದು ಭಿವಪುರಿಯಲ್ಲಿ ಬೆಳಕಿರುವಾಗಲೇ ಲೋಕಲ್ ಹಿಡಿದೆವು. ಶರಬತ್ತಿನ ಹೆಣ್ಣುಮಗಳು ಆ ದಿನ ಅಲ್ಲಿರಲಿಲ್ಲ. ನಮ್ಮ ಫುಲ್‌ಸ್ಕೇಪ್ ಹಾಳೆಯಲ್ಲಿ ಈ ಸಲ ನೀರು ತಲೆಗೆ 4 ಲೀಟರು, ಉಪ್ಪು-ಸಕ್ಕರೆ ಬೇರೆ. ಕೊನೆಯಲ್ಲಿ ಹೊಸದೊಂದು ಕಲಮು: ‘ಹಿಂದಿನ ರಾತ್ರಿ ನಿದ್ರೆ, ಎಷ್ಟು ತಾಸು’. ಐವರೂ ತಮ್ಮ ಕೈಯಾರೆ ತುಂಬಬೇಕು. ರಾಯರು ಅದರಲ್ಲಿ 8 ಎಂದು ಬರೆದದ್ದು ಸುಳ್ಳೆಂದು ನಮಗೆ ಗುಮಾನಿ.